ಚಿತ್ರಾನ್ನ ಎಂದರು, 25 ವರ್ಷ ಉಳಿಯಿತು

ದಾವಣಗೆರೆಯಿಂದ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನ ಕಂಪನಿಯೊಂದರಲ್ಲಿ ಸಂದರ್ಶನಕ್ಕೆ ಕೂತಿದ್ದೆ. ಎದುರಿಗಿದ್ದವರು ನನ್ನ ರೆಸ್ಯೂಮೆಯನ್ನು ಎರಡು ಸಲ ತಿರುವಿ ಹಾಕಿ ನಕ್ಕರು. ‘ಓದಿದ್ದು ಬಿಎಸ್ಸಿ. ವಿಡಿಯೊ ಎಡಿಟಿಂಗ್ ಬರುತ್ತೆ ಅಂತೀರಿ. ಜೊತೆಗೆ ಕೋಡಿಂಗ್ ಕೋರ್ಸ್ ಬೇರೆ. ಇದೊಳ್ಳೆ ಚಿತ್ರಾನ್ನ ಆಯ್ತಲ್ಲ! ನೀವು ಏನು ಅಂತ ಒಂದೇ ಪದದಲ್ಲಿ ಹೇಳಿ’ ಎಂದರು. ನನಗೆ ಆ ಪದ ಸಿಗಲಿಲ್ಲ. ಕೆಲಸವೂ ಸಿಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಫೋನ್ ನೋಡಿದರೆ ಒಂದು ಸುದ್ದಿ: ಅಮೆರಿಕದ ರಾಕ್ ಬ್ಯಾಂಡ್ ಲಿಂಕಿನ್ ಪಾರ್ಕ್ 2026ರ ಜನವರಿಯಲ್ಲಿ ಮುಂಬೈನ ಲೊಲ್ಲಾಪಲೂಜಾ ಉತ್ಸವಕ್ಕಾಗಿ ಮೊದಲ ಬಾರಿ ಭಾರತಕ್ಕೆ ಬರಲಿದೆ ಎಂದು. ಈ ತಂಡದ ಮೊದಲ ಆಲ್ಬಂ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಪಿಯುಸಿ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಿಂದ ನನಗೆ ಸಿಕ್ಕ ಹಾಡುಗಳವು. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾದರೂ ಆ ಸಿಟ್ಟು, ಸಂಕಟ ಪೂರ್ತಿ ಅರ್ಥವಾಗುತ್ತಿತ್ತು. ಒಂದೆರಡು ವರ್ಷಕ್ಕೇ ಹಳತಾಗುವ ಹಾಡುಗಳ ಕಾಲದಲ್ಲಿ ಈ ತಂಡ ಕಾಲು ಶತಮಾನ ಹೇಗೆ ಉಳಿಯಿತು? ಆ ರಾತ್ರಿ ನಿದ್ದೆ ಬಾರದೆ ಅದನ್ನೇ ಯೋಚಿಸುತ್ತಾ ಬಂದೆ.

ಕ್ಯಾಲಿಫೋರ್ನಿಯಾದ ಕೆಲವು ಹುಡುಗರು 1996ರಲ್ಲಿ ‘ಝೀರೋ’ ಎಂಬ ಹೆಸರಿನಲ್ಲಿ ಆರಂಭಿಸಿದ ತಂಡವಿದು. ಮೈಕ್ ಶಿನೋಡಾ ಓದಿದ್ದು ಚಿತ್ರಕಲೆ, ವಿನ್ಯಾಸ, ಮಾಡುತ್ತಿದ್ದದ್ದು ರ‍್ಯಾಪ್. ಬ್ರಾಡ್ ಡೆಲ್ಸನ್ ಕೈಯಲ್ಲಿ ಭಾರೀ ಸದ್ದಿನ ಗಿಟಾರ್. ಜೋ ಹಾನ್ ಡಿಜೆ. 1999ರಲ್ಲಿ ಅರಿಜೋನಾದ ಫೀನಿಕ್ಸ್‌ನಿಂದ ಚೆಸ್ಟರ್ ಬೆನಿಂಗ್ಟನ್ ಬಂದು ಸೇರಿದರು. ಮೆಲ್ಲಗೆ ಗುನುಗುತ್ತಲೇ ಮರುಕ್ಷಣ ಎದೆ ಬಿರಿಯುವಂತೆ ಚೀರಬಲ್ಲ ಕಂಠ ಅವರದು. ಹೀಗೆ ಮೆಟಲ್, ಹಿಪ್‌ಹಾಪ್, ಎಲೆಕ್ಟ್ರಾನಿಕ್, ಪಾಪ್ ಎಲ್ಲವೂ ಒಂದೇ ಹಾಡಿನೊಳಗೆ ಬಂದವು.

ಕಂಪನಿಗಳಿಗೆ ಇದೇ ತಲೆನೋವಾಯಿತು. ಇದು ರಾಕ್ ಆದರೆ ರ‍್ಯಾಪ್ ಯಾಕೆ? ರ‍್ಯಾಪ್ ಆದರೆ ಈ ಚೀರಾಟ ಯಾಕೆ? ಯಾವ ಕಪಾಟಿನಲ್ಲಿಟ್ಟು ಮಾರುವುದು? ನಲವತ್ತಕ್ಕೂ ಹೆಚ್ಚು ಬಾರಿ ಕಂಪನಿಗಳ ಮುಂದೆ ನುಡಿಸಿ ತೋರಿಸಿದರೂ ‘ಬೇಡ’ ಎಂಬ ಉತ್ತರವೇ ಸಿಕ್ಕಿತು. ಕೊನೆಗೆ ವಾರ್ನರ್ ಒಪ್ಪಂದ ಮಾಡಿಕೊಂಡಿತು. ಅಲ್ಲೂ ಶಿನೋಡಾ ಅವರ ರ‍್ಯಾಪ್ ಬೇಡ ಎಂಬ ಒತ್ತಡ ಬಂತೆಂದು ತಂಡದವರು ಮುಂದೆ ಹೇಳಿಕೊಂಡಿದ್ದಾರೆ. ಚೆಸ್ಟರ್ ಗೆಳೆಯನನ್ನು ಬಿಟ್ಟುಕೊಡಲಿಲ್ಲ. ತಂಡ ತನ್ನ ಬೆರಕೆಯನ್ನು ಬಿಟ್ಟುಕೊಡಲಿಲ್ಲ.

2000ದ ಅಕ್ಟೋಬರ್ 24ರಂದು ಬಂದ ಆ ಮೊದಲ ಆಲ್ಬಂನ ಹೆಸರು ‘ಹೈಬ್ರಿಡ್ ಥಿಯರಿ’. ನಾವು ಬೆರಕೆಯೇ, ಅದೇ ನಮ್ಮ ಸಿದ್ಧಾಂತ ಎಂದು ಮುಖಪುಟದಲ್ಲೇ ಘೋಷಿಸಿದಂತಿತ್ತು. 2001ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅದು. ಮುಂದೆ ಅಲ್ಲೊಂದರಲ್ಲೇ ಒಂದು ಕೋಟಿ ದಾಟಿತು.

ಆದರೆ ನನಗೆ ಮುಖ್ಯ ಎನಿಸಿದ್ದು ಆ ಗೆಲುವಿನ ನಂತರದ ಕತೆ. ರಾಕ್ ಮತ್ತು ರ‍್ಯಾಪ್ ಬೆರೆಸುವ ‘ನು ಮೆಟಲ್’ ಆಗ ದೊಡ್ಡ ಫ್ಯಾಷನ್. ಕೆಲವೇ ವರ್ಷಗಳಲ್ಲಿ ಅಲೆ ಇಳಿಯಿತು, ಅದನ್ನೇ ನಂಬಿದ್ದ ಅನೇಕ ತಂಡಗಳೂ ಇಳಿದವು. ಲಿಂಕಿನ್ ಪಾರ್ಕ್ ಮಾತ್ರ ಬೆರಕೆಯ ಪಾಕವನ್ನೇ ಬದಲಿಸುತ್ತಾ ಹೋಯಿತು. 2004ರಲ್ಲಿ ರ‍್ಯಾಪರ್ ಜೇ-ಝಿ ಜೊತೆ ಸೇರಿ ಮಾಡಿದ ಕೆಲಸದ ಹಾಡೊಂದಕ್ಕೆ ಗ್ರ್ಯಾಮಿ ಬಂತು. 2010ರ ‘ಎ ಥೌಸಂಡ್ ಸನ್ಸ್’ನಲ್ಲಿ ಗಿಟಾರ್ ಅಬ್ಬರವೇ ಕಡಿಮೆ, ಅಣುಬಾಂಬ್ ವಿಜ್ಞಾನಿ ಓಪನ್‌ಹೈಮರ್ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರ ಧ್ವನಿಗಳೇ ಅದರಲ್ಲಿವೆ. ಶೀರ್ಷಿಕೆಯ ‘ಸಾವಿರ ಸೂರ್ಯರು’ ಓಪನ್‌ಹೈಮರ್ ನೆನೆದ ಭಗವದ್ಗೀತೆಯ ವಿಶ್ವರೂಪದಿಂದ ಬಂದದ್ದು ಎಂದು ತಿಳಿದಾಗ ನನಗೆ ರೋಮಾಂಚನವಾಗಿತ್ತು. ಹಳೆಯ ಅಭಿಮಾನಿಗಳು ಮಾತ್ರ ಬೈದರು. 2017ರಲ್ಲಿ ಪಾಪ್ ಕಡೆ ವಾಲಿದ ‘ಒನ್ ಮೋರ್ ಲೈಟ್’ ಬಂದಾಗ ಇನ್ನೂ ಬೈದರು.

ಆ ಆಲ್ಬಂ ಬಂದು ಎರಡು ತಿಂಗಳಾಗಿತ್ತಷ್ಟೇ. 2017ರ ಜುಲೈ 20ರಂದು ಚೆಸ್ಟರ್ ಆತ್ಮಹತ್ಯೆ ಮಾಡಿಕೊಂಡರು. ಬಾಲ್ಯದ ದೌರ್ಜನ್ಯ, ವ್ಯಸನ, ಖಿನ್ನತೆ ಎಲ್ಲವನ್ನೂ ಅವರು ಮುಚ್ಚಿಡದೆ ಹೇಳಿದ್ದರು. ಲಕ್ಷಾಂತರ ಹುಡುಗರಿಗೆ ‘ನೀನೊಬ್ಬನೇ ಅಲ್ಲ’ ಎಂದು ಅನಿಸುವಂತೆ ಮಾಡಿದವರಿಗೇ ಹೀಗಾಯಿತು. ಗೆದ್ದವರಿಗೆ ನೋವಿರುವುದಿಲ್ಲ ಎಂಬ ನನ್ನ ನಂಬಿಕೆ ಅಲ್ಲಿಗೆ ಮುರಿಯಿತು. ಕೆಲಸ ಸಿಗದ ತಿಂಗಳುಗಳಲ್ಲಿ ನಮ್ಮಲ್ಲೂ ಅನೇಕರು ಕತ್ತಲಲ್ಲಿರುತ್ತೇವೆ, ಮನೆಯಲ್ಲಿ ‘ಎಲ್ಲ ಚೆನ್ನಾಗಿದೆ’ ಎನ್ನುತ್ತೇವೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ನಾನೊಮ್ಮೆ ಮಾಡಿದ್ದೇನೆ, ಅದಕ್ಕೆ ನಾಚಿಕೆಯಿಲ್ಲ.

ಏಳು ವರ್ಷ ತಂಡದಿಂದ ಹೊಸ ಸ್ಟುಡಿಯೊ ಆಲ್ಬಂ ಬರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಮತ್ತು ಹೊಸ ಡ್ರಮ್ಮರ್ ಕಾಲಿನ್ ಬ್ರಿಟೆನ್ ಜೊತೆ ಮರಳಿತು. ನವೆಂಬರ್‌ನಲ್ಲಿ ‘ಫ್ರಮ್ ಝೀರೋ’ ಬಂತು. ಹಳೆಯ ಹೆಸರಿನ ನೆನಪೂ ಹೌದು, ಸೊನ್ನೆಯಿಂದ ಶುರು ಎಂಬ ಅರ್ಥವೂ ಹೌದು. ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಚೆಸ್ಟರ್ ಮಗನೇ ಬಹಿರಂಗವಾಗಿ ಆಕ್ಷೇಪಿಸಿದರು. ಆ ನೋವನ್ನು ತಪ್ಪು ಎನ್ನಲು ನಾನ್ಯಾರು? ಆದರೆ ಎಮಿಲಿ ಚೆಸ್ಟರ್ ಅವರ ಅನುಕರಣೆ ಮಾಡುತ್ತಿಲ್ಲ, ತಮ್ಮದೇ ದನಿಯಲ್ಲಿ ಹಾಡುತ್ತಿದ್ದಾರೆ. ಒಬ್ಬರ ಜಾಗ ತುಂಬುವುದು ಬೇರೆ, ಪಕ್ಕದಲ್ಲಿ ಹೊಸ ಜಾಗ ಮಾಡಿಕೊಳ್ಳುವುದು ಬೇರೆ.

ನಲವತ್ತು ಬಾರಿ ಸೋತವರೆಲ್ಲ ನಲವತ್ತೊಂದನೇ ಬಾರಿ ಗೆಲ್ಲುತ್ತಾರೆ ಎಂದು ನಾನು ಹೇಳುವುದಿಲ್ಲ. ಗೆಲ್ಲದ ತಂಡಗಳ ಹೆಸರು ನಮಗೆ ಗೊತ್ತೇ ಇಲ್ಲ. ಏನೇನೋ ಬೆರೆಸಿದ ಮಾತ್ರಕ್ಕೆ ರುಚಿ ಬರುವುದೂ ಇಲ್ಲ. ಆ ತಂಡದಲ್ಲಿ ಪ್ರತಿಯೊಬ್ಬರಿಗೂ ತಮ್ಮ ಒಂದು ವಿದ್ಯೆ ಗಟ್ಟಿಯಾಗಿ ಗೊತ್ತಿತ್ತು. ಒಂದು ಹಾಡು ಅವೆಲ್ಲವನ್ನೂ ಹಿಡಿದಿಡುತ್ತಿತ್ತು. ನನ್ನ ರೆಸ್ಯೂಮೆಯಲ್ಲಿ ಇರದಿದ್ದದ್ದು ಆ ‘ಹಾಡು’. ಮೂರು ಕೋರ್ಸುಗಳ ಹೆಸರಿದ್ದವು, ಮೂರನ್ನೂ ಸೇರಿಸಿ ಮಾಡಿದ ಕೆಲಸ ಒಂದೂ ಇರಲಿಲ್ಲ. ಸಂದರ್ಶಕರು ನಕ್ಕಿದ್ದು ಬೇಸರವಾಗಿತ್ತು ನಿಜ, ಆದರೆ ಅವರ ಪ್ರಶ್ನೆಯಲ್ಲಿ ಅರ್ಧ ಸತ್ಯವಿತ್ತು.

ಈಗ ನಮ್ಮೂರಿನ ಪ್ರೌಢಶಾಲೆ ಮಕ್ಕಳಿಗಾಗಿ ಕನ್ನಡದಲ್ಲಿ ಭೌತವಿಜ್ಞಾನದ ಆರು ಪುಟ್ಟ ವಿಡಿಯೊ ಮಾಡಿದ್ದೇನೆ. ಪಾಠ ನನ್ನದು, ಎಡಿಟಿಂಗ್ ನನ್ನದು, ಕೊನೆಯಲ್ಲಿ ಬರುವ ಕ್ವಿಜ್‌ನ ಕೋಡ್ ಕೂಡ ನನ್ನದೇ. ರೆಸ್ಯೂಮೆಯ ಮೊದಲ ಸಾಲಿನಲ್ಲೀಗ ಅದೇ ಇದೆ. ಹೊಸದಾಗಿ ಎರಡು ಕಡೆ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಒಂದೇ ಪದದಲ್ಲಿ ಹೇಳಿ ಎಂದು ಮತ್ತೆ ಯಾರಾದರೂ ಕೇಳಿದರೆ, ಈ ಸಲ ವಿಡಿಯೊ ತೆಗೆದು ತೋರಿಸುತ್ತೇನೆ.