ಫೋಟೋದಲ್ಲಿರುವವರು ಹಾಜರಿ ಪುಸ್ತಕದಲ್ಲೂ ಇರಲಿ

ಚನ್ನರಾಯಪಟ್ಟಣದಲ್ಲಿ ಕೂತು ಇದನ್ನು ಬರೆಯುತ್ತಿರುವ ನಾವು ಸೇವಾ ಸಂಸ್ಥೆಗಳಲ್ಲಿ ದುಡಿದವರು, ದುಡಿಯಲು ಅರ್ಜಿ ಹಾಕಿ ಬರಿಗೈಯಲ್ಲಿ ವಾಪಸಾದವರು. ನಮ್ಮ ಕೂಟಕ್ಕೆ ಇನ್ನೂ ಹೆಸರಿಟ್ಟಿಲ್ಲ; ಹೆಸರಿನ ಚರ್ಚೆಯಲ್ಲೇ ಮುಗಿದುಹೋದ ಸಂಘಗಳನ್ನು ಬೇಕಾದಷ್ಟು ನೋಡಿದ್ದೇವೆ.

ಸೇವಾ ಸಂಸ್ಥೆಯೊಂದು ಕನ್ನಡಕ ಹಂಚುವಾಗ, ನೋಟ್‌ಬುಕ್ ಹಂಚುವಾಗ ಫೋಟೋ ತುಂಬ ನಮ್ಮ ಜನ: ದಲಿತ ಕೇರಿಯವರು, ಹಕ್ಕಿಪಿಕ್ಕಿಗಳು, ಅಲೆಮಾರಿಗಳು, ಮುಸ್ಲಿಂ ಹೆಣ್ಣುಮಕ್ಕಳು. ಅದೇ ಸಂಸ್ಥೆಯ ಸಂಬಳದ ಪಟ್ಟಿ ತೆಗೆದು ನೋಡಿ. ಕಸ ಗುಡಿಸುವವರ ಸಾಲು ದಾಟಿ ಮೇಲಕ್ಕೆ ಹೋದರೆ ನಮ್ಮವರು ಸಿಗುವುದು ಕಷ್ಟ.

ಯಾರೂ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. ಕೆಲಸ ಖಾಲಿ ಇದೆಯೆಂಬ ಸುದ್ದಿ ಟ್ರಸ್ಟಿಗಳ ನೆಂಟರ ಮನೆಯಲ್ಲಿ ಹುಟ್ಟಿ ಅಲ್ಲೇ ಮುಗಿಯುತ್ತದೆ. ಹೇಗೋ ತಿಳಿದು ಸಂದರ್ಶನಕ್ಕೆ ಹೋದರೆ ಮೊದಲ ಪ್ರಶ್ನೆ, "ಯಾವೂರಮ್ಮ?" ಎರಡನೆಯದು, "ಊರೊಳಗೆ ಮನೆ ಎಲ್ಲಿ ಬರುತ್ತೆ?" ನಮ್ಮಲ್ಲೊಬ್ಬಳು ಇದಕ್ಕೆ ಉತ್ತರ ಕೊಟ್ಟ ಮೇಲೆ ಅವಳ ಮಾರ್ಕ್ಸ್ ಕಾರ್ಡನ್ನು ಯಾರೂ ತೆರೆಯಲಿಲ್ಲ. ನಮ್ಮದೇ ತಾಲ್ಲೂಕಿನ ದಿಂಡಗೂರಿನಲ್ಲಿ ದಲಿತರು ದೇವಸ್ಥಾನದೊಳಗೆ ಕಾಲಿಟ್ಟಿದ್ದು 2021ರಲ್ಲಿ. ಮನೆ ಎಲ್ಲಿ ಎಂಬ ಪ್ರಶ್ನೆಯ ಅರ್ಥವನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸಬೂಬು, "ಸಂವಹನ ಕೌಶಲ ಸಾಲದು." ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿಗಳಿದ್ದಾರೆ. ಮನೆಮಾತು ವಾಗ್ರಿ, ವ್ಯಾಪಾರಕ್ಕೆ ಕನ್ನಡದ ಜೊತೆ ಇನ್ನೂ ಎರಡು ಮೂರು ಭಾಷೆ. ಈ ಸಮುದಾಯದವರು ಎಣ್ಣೆ, ಗಿಡಮೂಲಿಕೆ ಮಾರುತ್ತ ಆಫ್ರಿಕಾ ತಲುಪಿದ್ದಾರೆ. 2023ರಲ್ಲಿ ಸುಡಾನಿನ ಯುದ್ಧದ ನಡುವೆ ಕೆಲವರು ಸಿಕ್ಕಿಕೊಂಡಾಗಲೇ ನಮ್ಮಲ್ಲಿ ಅನೇಕರಿಗೆ ಇದು ಗೊತ್ತಾಗಿದ್ದು. ಪರದೇಶದ ಗಿರಾಕಿಯನ್ನು ಒಲಿಸಿಕೊಳ್ಳುವವರಿಗೆ ನಮ್ಮ ತಾಲ್ಲೂಕಿನ ಹಿರೀಸಾವೆಯಲ್ಲಿ ತಾಯಂದಿರ ಸಭೆ ನಡೆಸಲು ಬಾರದೇ?

ಅರ್ಹತೆ ಕುಗ್ಗುತ್ತದೆಂಬ ಆತಂಕವೂ ಹಳೆಯದೇ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರ ಪಾಲಿಗಾಗಿ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ ವಿಶ್ವೇಶ್ವರಯ್ಯನವರಿಗೇ ಅದು ಒಪ್ಪಿಗೆಯಾಗಿರಲಿಲ್ಲ. ಮಹಾರಾಜರು ಹಿಂದೆ ಸರಿಯಲಿಲ್ಲ. ಸಂವಿಧಾನದ 16(4)ನೇ ವಿಧಿ ಸರ್ಕಾರಿ ಹುದ್ದೆಗಳ ಮಾತು, ಟ್ರಸ್ಟುಗಳಿಗೆ ಆ ಕಟ್ಟಿಲ್ಲ, ಒಪ್ಪಿದೆವು. ಆದರೆ ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದು ಸರ್ಕಾರ ಬಿಟ್ಟುಕೊಟ್ಟ ತೆರಿಗೆಯಿಂದ. ಅದರಲ್ಲಿ ನಮ್ಮ ಪಾಲೂ ಇದೆ.

ಆದ್ದರಿಂದ ನಾವು ಕೇಳುವುದಿಷ್ಟು: ಕೆಲಸ ಖಾಲಿಯಾದರೆ ಅದರ ಕಾಗದ ಪಂಚಾಯಿತಿ ಬೋರ್ಡಿನ ಮೇಲೆ, ಕಾಲೋನಿಯ ಅಂಬೇಡ್ಕರ್ ಭವನದಲ್ಲಿ, ಮಸೀದಿ ಪಕ್ಕದ ಅಂಗಡಿಗಳಲ್ಲಿ ಕಾಣಬೇಕು. ಸಂಬಳ ಎಷ್ಟೆಂದು ಅದರಲ್ಲೇ ಬರೆದಿರಬೇಕು. ಸಂಬಳಕ್ಕೆ 'ಗೌರವಧನ' ಎಂದು ಹೆಸರಿಟ್ಟು ಮೂರು ತಿಂಗಳಿಗೊಮ್ಮೆ ಕೊಡುವ ಚಾಳಿ ನಿಲ್ಲಬೇಕು. ತೆಂಗಿನ ತೋಟವಿದ್ದವರು ಅಷ್ಟು ದಿನ ಕಾಯುತ್ತಾರೆ. ಕೂಲಿಯ ಮನೆಯಲ್ಲಿ ಶನಿವಾರದ ತನಕ ಕಾಯುವುದೇ ಹೆಚ್ಚು. ನಮ್ಮನ್ನು ಅತಿ ಹೆಚ್ಚು ಹೊರಗಿಟ್ಟಿರುವುದು ತಡವಾಗಿ ಬರುವ ಈ ಸಂಬಳವೇ, ಜಾತಿಯ ಹೆಸರೆತ್ತದೆ ಜಾತಿ ಮಾಡುವ ಉಪಾಯ. ಸ್ಕೂಟರ್ ಕಡ್ಡಾಯ ಎನ್ನುವ ಬದಲು ಬಸ್ ಚಾರ್ಜು ಕೊಡಿ. ದಾನಿಗಳಿಗೆ ಇಂಗ್ಲಿಷಿನಲ್ಲಿ ವರದಿ ಬರೆಯಲು ಒಬ್ಬರಿದ್ದರೆ ಸಾಕು, ಹಳ್ಳಿ ತಿರುಗುವವರೆಲ್ಲರಿಗೂ ಇಂಗ್ಲಿಷ್ ಏಕೆ? ಸಂದರ್ಶನ ಮಾಡುವವರ ಸಾಲಿನಲ್ಲಿ ನಮ್ಮವರೊಬ್ಬರು ಕೂತಿರಲಿ. ಮನೆ ಎಲ್ಲಿ ಎಂದು ಕೇಳುವುದು ಬೇಡ. ಯಾವ ಸಮುದಾಯದವರು ಯಾವ ಹುದ್ದೆಯಲ್ಲಿ ಎಷ್ಟು ಮಂದಿ ಎಂಬುದನ್ನು, ಹೆಸರು ಬಿಟ್ಟು, ವರ್ಷಕ್ಕೊಮ್ಮೆ ಪ್ರಕಟಿಸಿ. ಟ್ರಸ್ಟಿಗಳನ್ನೂ ಆ ಲೆಕ್ಕಕ್ಕೆ ಸೇರಿಸಿ.

ನಿಮ್ಮ ಸಂಸ್ಥೆಯಲ್ಲಿ ಮುಂದಿನ ಕೆಲಸ ಖಾಲಿಯಾದಾಗ ಆ ಕಾಗದದ ಐವತ್ತು ಜೆರಾಕ್ಸ್ ನಮಗೆ ಕೊಡಿ. ಬಾಗೂರು, ನುಗ್ಗೇಹಳ್ಳಿ, ಶ್ರವಣಬೆಳಗೊಳದ ಕೇರಿಕೇರಿಗೂ ಹೋಗಿ ನಾವೇ ಅಂಟಿಸುತ್ತೇವೆ. ಗೋಂದಿನ ಖರ್ಚು ನಮ್ಮದು.