ಕಂಪೈಲರನ್ನು ಅಣಿಗೊಳಿಸುವ ವಿದ್ಯೆ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆಯನ್ನು ನಮ್ಮ ಕಾಲೇಜುಗಳು ಬಹುಕಾಲದಿಂದ ಬೋಧಿಸುತ್ತಿವೆ. ಆದರೆ ಆ ವಿದ್ಯೆಗೆ ಬೇಕಾದ ಸಲಕರಣೆಗಳನ್ನು ವಿದ್ಯಾರ್ಥಿಯು ತನ್ನ ಯಂತ್ರದಲ್ಲಿ ತಾನೇ ಅಣಿಗೊಳಿಸಿಕೊಳ್ಳುವುದು ಹೇಗೆಂಬುದನ್ನು ಹೇಳಿಕೊಡುವವರು ವಿರಳ. ಅದು ಕೈಕೆಲಸ, ಶಾಸ್ತ್ರವಲ್ಲ ಎಂಬ ತಾತ್ಸಾರವೇ ಇದಕ್ಕೆ ಕಾರಣವಿರಬೇಕು. ಈ ತಾತ್ಸಾರಕ್ಕೆ ದಂಡ ತೆರುತ್ತಿರುವವರು ಕೋಲಾರ ತಾಲ್ಲೂಕಿನ ಸುಗಟೂರಿನಂಥ ಊರುಗಳ ಮಕ್ಕಳೆಂಬುದು ನನ್ನ ಅಭಿಪ್ರಾಯ.

ಕಂಪೈಲರೆಂದರೇನು? ಕೋಲಾರದ ಸೀಮೆಯವರಿಗೆ ರೇಷ್ಮೆಯ ಉದಾಹರಣೆ ಸಾಕು. ಗೂಡನ್ನು ನೇರವಾಗಿ ಮಗ್ಗಕ್ಕೆ ಹಾಕಲಾಗದು. ಅದನ್ನು ಬೇಯಿಸಿ, ನೂಲು ಬಿಚ್ಚಿ, ಎಳೆಗಳನ್ನು ಹುರಿಗೊಳಿಸಬೇಕು. ಹಾಗೆಯೇ ಮನುಷ್ಯನು ಬರೆದ ಕ್ರಮವಿಧಿಯನ್ನು ಯಂತ್ರವು ನೇರವಾಗಿ ಅರಿಯದು. ಕಂಪೈಲರು ಅದನ್ನು ಯಂತ್ರದ ಅಂಕಿಗಳ ಭಾಷೆಗೆ ಬಿಚ್ಚಿಕೊಡುತ್ತದೆ. ಹೀಗೆ ದೊರೆತ ತುಂಡುಗಳನ್ನು ಒಂದಾಗಿ ಹೆಣೆಯುವುದು ಲಿಂಕರಿನ ಕೆಲಸ. ಇವೆರಡರೊಡನೆ, ಪದೇ ಪದೇ ಬೇಕಾಗುವ ಸಿದ್ಧ ವಿಧಿಗಳ ಭಂಡಾರವೂ ತಪ್ಪು ಹುಡುಕುವ ಡೀಬಗರೂ ಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಕೆಲಸ ಕೆಡುತ್ತದೆ.

೧೯೫೨ರಲ್ಲಿ ಗ್ರೇಸ್ ಹಾಪರ್ ಎಂಬ ಅಮೆರಿಕದ ಮಹಿಳೆ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಒಂದನ್ನು ರಚಿಸಿದರು. ೧೯೫೭ರಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯ ಕಂಪೈಲರನ್ನು ಹೊರತಂದರು. ಆಗ ಯಂತ್ರವೊಂದು ಒಂದು ಕೋಣೆಯನ್ನೇ ತುಂಬುತ್ತಿತ್ತು. ಕಂಪೈಲರನ್ನು ಅಣಿಗೊಳಿಸಲು ಪ್ರತ್ಯೇಕ ತಜ್ಞರಿದ್ದರು. ಬರೆಯುವವನು ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಹೊರಗೆ ಕಾದಿರುತ್ತಿದ್ದನು. ಈಗ ಯಂತ್ರವು ಮಡಿಲಿಗೆ ಬಂದಿದೆ. ತಜ್ಞರು ಬಂದಿಲ್ಲ. ಹದಿನೇಳರ ವಿದ್ಯಾರ್ಥಿಯೇ ತನ್ನ ಯಂತ್ರಶಾಲೆಯ ಮೇಲ್ವಿಚಾರಕನಾಗಬೇಕಾಗಿದೆ.

ಅವನ ಮುಂದಿರುವ ತೊಡಕುಗಳನ್ನು ನೋಡಿರಿ. ಮೊದಲನೆಯದು ಗಾತ್ರ. ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೋದಲ್ಲಿ ಸಿ ಪ್ಲಸ್ ಪ್ಲಸ್ ಭಾಗವನ್ನಷ್ಟೇ ತರಿಸಿಕೊಂಡರೂ ಹಲವು ಗಿಗಾಬೈಟುಗಳಾಗುತ್ತವೆ. ಮೊಬೈಲಿಗೆ ದಿನವೊಂದಕ್ಕೆ ಒಂದೂವರೆ ಎರಡು ಗಿಗಾಬೈಟು ಹಾಕಿಸಿಕೊಂಡ ಮನೆಯಲ್ಲಿ ಇದು ಹಲವು ದಿನಗಳ ರೇಷನ್ನು. ಮಧ್ಯೆ ವಿದ್ಯುತ್ತು ಹೋದರೆ ಶ್ರಮವೂ ಹೋಗುತ್ತದೆ. ರಸ್ಟ್ ಎಂಬ ಹೊಸ ಭಾಷೆಯನ್ನು ವಿಂಡೋಸಿನಲ್ಲಿ ಸ್ಥಾಪಿಸಹೊರಟವನಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ: ಸಾಮಾನ್ಯ ವಿಧಾನದಲ್ಲಿ ಅದು ಮೈಕ್ರೋಸಾಫ್ಟಿನ ಲಿಂಕರನ್ನೇ ಬೇಡುವುದರಿಂದ, ಒಂದನ್ನು ತರಹೋದವನು ಎರಡನ್ನು ಹೊತ್ತು ತರಬೇಕು.

ಎಲ್ಲವನ್ನೂ ತಂದ ಮೇಲೆ, ಇಂಥ ಆಜ್ಞೆಯೇ ಇಲ್ಲವೆಂದು ಯಂತ್ರವು ಹೇಳುವುದುಂಟು. ಕಂಪೈಲರು ಅಲ್ಲಿಯೇ ಇರುತ್ತದೆ. ಆದರೆ ಯಂತ್ರವು ತನ್ನ ‘ಪಾತ್’ ಪಟ್ಟಿಯಲ್ಲಿ ನಮೂದಾದ ಕಡತಕೋಶಗಳಲ್ಲಿ ಮಾತ್ರ ಹುಡುಕುತ್ತದೆ, ತನ್ನ ಬೀದಿಗಳ ಹೊರಗೆ ಕಾಲಿಡದ ಅಂಚೆಯವನಂತೆ. ಪಟ್ಟಿಗೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಈ ಒಂದು ಸಾಲನ್ನು ಯಾರೂ ಹೇಳದೆ ಹೋದುದರಿಂದ ತನಗೆ ಬುದ್ಧಿ ಸಾಲದೆಂದು ತಿಳಿದು ಕೈಬಿಟ್ಟವರು ಎಷ್ಟು ಮಂದಿಯೋ! ಇನ್ನು, ಅಭಿಮಾನದಿಂದ ಕಡತಕೋಶಕ್ಕೆ ಕನ್ನಡದಲ್ಲಿ ಹೆಸರಿಟ್ಟವನ ಪಾಡು ಬೇರೆ. ಯೂನಿಕೋಡ್ ಸಂಕೇತದಲ್ಲಿ ಕನ್ನಡವು ೧೯೯೧ರಿಂದಲೂ ಇದೆ. ಆದರೂ ಹಳೆಯ ಸಲಕರಣೆಗಳಲ್ಲಿ ಹಲವು ಅಂಥ ಹೆಸರನ್ನು ಕಂಡರೆ ಮುಗ್ಗರಿಸುತ್ತವೆ. ಹೆಸರಿನ ನಡುವೆ ಬರಿಯ ತೆರಪಿದ್ದರೂ ‘ಮೇಕ್’ ಎಂಬ ಸಲಕರಣೆ ದಾರಿ ತಪ್ಪುತ್ತದೆ. ಜಿಸಿಸಿ ಎಂಬ ಪ್ರಸಿದ್ಧ ಕಂಪೈಲರಿನ ಎಚ್ಚರಿಕೆಯ ಮಾತುಗಳು ಜಪಾನಿ, ಸ್ವೀಡಿಷ್, ವಿಯೆಟ್ನಾಮೀ ಭಾಷೆಗಳಿಗೆ ಅನುವಾದವಾಗಿವೆ. ಕನ್ನಡಕ್ಕೆ ಆಗಿಲ್ಲ.

ಇಲ್ಲಿ ಟರ್ಬೋ ಸಿ ಪ್ಲಸ್ ಪ್ಲಸ್ ಎಂಬ ನೀಲಿ ಪರದೆಯ ಮಾತು ಬರಲೇಬೇಕು. ಬೋರ್ಲೆಂಡ್ ಕಂಪೆನಿಯು ೧೯೯೦ರಲ್ಲಿ ಹೊರತಂದ ಇದು, ಆ ಭಾಷೆಗೆ ಅಂತರರಾಷ್ಟ್ರೀಯ ಮಾನಕವು ಏರ್ಪಟ್ಟ ೧೯೯೮ಕ್ಕೂ ಹಿಂದಿನದು. ಅದರಲ್ಲಿ ಕಲಿತ ಮೊದಲ ಸಾಲನ್ನೇ ಇಂದಿನ ಕಂಪೈಲರುಗಳು ತಿರಸ್ಕರಿಸುತ್ತವೆ. ಹೀಗಿದ್ದೂ ಭಾರತದ ಕಾಲೇಜುಗಳಲ್ಲಿ ಅದು ದಶಕಗಳ ಕಾಲ ಉಳಿದುದೇಕೆ? ಅಧ್ಯಾಪಕರ ಸೋಮಾರಿತನವೆಂದು ಹಳಿಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಅದು ಚಿಕ್ಕದು, ಜೇಬಿನಲ್ಲಿ ಒಯ್ಯಬಹುದಾದುದು, ಕಂಪೈಲರು, ಲಿಂಕರು, ಡೀಬಗರು, ಬರೆಯುವ ಹಾಳೆ ಎಲ್ಲವೂ ಒಂದೇ ಡಬ್ಬಿಯಲ್ಲಿದ್ದುವು, ಅಂತರಜಾಲದ ಹಂಗಿರಲಿಲ್ಲ. ಉತ್ತಮವಾದುದನ್ನು ಅಷ್ಟು ಸುಲಭವಾಗಿ ಒದಗಿಸದೆ ಹಳೆಯದನ್ನು ಬಿಡಿರೆಂದರೆ ಬಿಡುವವರಾರು? ಸಣ್ಣದಾಗಿರುವುದು ಇಂದಿಗೂ ಅಸಾಧ್ಯವೇನಲ್ಲ. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ರಚಿಸಿದ ಟೈನಿ ಸಿ ಕಂಪೈಲರು ಅಡಕಗೊಳಿಸಿದ ರೂಪದಲ್ಲಿ ಒಂದು ಮೆಗಾಬೈಟಿನಷ್ಟೂ ಇಲ್ಲ.

ಏನನ್ನೂ ಸ್ಥಾಪಿಸದೆ ಅಂತರಜಾಲದ ಪುಟದಲ್ಲಿಯೇ ಬರೆದು ನಡೆಸಬಹುದಲ್ಲ ಎಂಬ ವಾದವಿದೆ. ಮೊದಲ ವಾರಕ್ಕೆ ಅದು ಒಳ್ಳೆಯದೇ. ಆದರೆ ಸಂಪರ್ಕ ತಪ್ಪಿದೊಡನೆ ವಿದ್ಯೆಯೂ ನಿಲ್ಲುತ್ತದೆ. ತನ್ನ ಕಡತ ಎಲ್ಲಿದೆ, ಅದು ಯಂತ್ರಭಾಷೆಯಾದುದು ಯಾವಾಗ ಎಂಬುದು ಕಲಿಯುವವನಿಗೆ ತಿಳಿಯುವುದೇ ಇಲ್ಲ.

ಆದಕಾರಣ ನನ್ನ ಸಲಹೆ ಇದು. ‘ಅರಿವು ಕೇಂದ್ರ’ವೆಂದು ಹೆಸರು ಪಡೆದಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಪುಸ್ತಕಗಳ ಸಾಲಿನಲ್ಲಿಯೇ, ಕಂಪೈಲರು ಮತ್ತು ಅದರ ಸಲಕರಣೆಗಳಿರುವ ಒಂದು ಪೆನ್‌ಡ್ರೈವ್ ಇರಲಿ. ೧೯೮೭ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮೊದಲು ಬಿಡುಗಡೆ ಮಾಡಿದ ಜಿಸಿಸಿಯನ್ನು ನಕಲು ಮಾಡಿ ಹಂಚಲು ಅದರ ಪರವಾನಗಿಯೇ ಒಪ್ಪುತ್ತದೆ. ಮೂಲಪಾಠವನ್ನೂ ಜೊತೆಗೆ ಕೊಡಬೇಕು, ಅಷ್ಟೆ. ಡೆಬಿಯನ್ ವ್ಯವಸ್ಥೆಯ ಡಿವಿಡಿಯಲ್ಲಿ ಇವೆಲ್ಲ ಕೂಡಿಯೇ ಬರುತ್ತವೆ. ಜೊತೆಗೆ ನಾಲ್ಕು ಪುಟದ ಕನ್ನಡ ಕೈಪಿಡಿ ಸಾಕು: ಪಾತ್ ಪಟ್ಟಿ ಎಲ್ಲಿದೆ, ಕಡತಕ್ಕೆ ಹೆಸರಿಡುವುದು ಹೇಗೆ, ಸಾಮಾನ್ಯ ತಪ್ಪುಗಳ ಅರ್ಥವೇನು.

ಕೈಯಿಂದ ಕೈಗೆ ಹೋಗುವ ಪೆನ್‌ಡ್ರೈವಿನಲ್ಲಿ ವೈರಸ್ಸಿನ ಭಯವಿಲ್ಲವೆ ಎಂದು ಕೇಳಬಹುದು. ಭಯ ಉಂಟು. ಅದಕ್ಕೂ ಉಪಾಯವಿದೆ. ತಯಾರಿಸಿದವರು ಪ್ರತಿ ಕಡತದೊಡನೆ ಅರುವತ್ತನಾಲ್ಕು ಅಕ್ಷರಗಳ ಒಂದು ತಾಳೆಗುರುತನ್ನು ಪ್ರಕಟಿಸಿರುತ್ತಾರೆ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಲೆಕ್ಕ ಹಾಕಿದಾಗ ಬರುವ ಗುರುತು ಪೂರ್ತಿ ಬೇರೆಯಾಗುತ್ತದೆ. ಆ ಗುರುತನ್ನು ತಯಾರಕರ ತಾಣದಿಂದಲೇ ಬರೆದುಕೊಂಡು ಗ್ರಂಥಾಲಯದ ಗೋಡೆಯ ಮೇಲೆ ಅಂಟಿಸಿದರಾಯಿತು. ಕಡತವನ್ನು ಮನೆಗೊಯ್ಯುವ ಮೊದಲು ವಿದ್ಯಾರ್ಥಿಯು ಅಲ್ಲಿನ ಗಣಕಯಂತ್ರದಲ್ಲಿ ಲೆಕ್ಕ ಹಾಕಿ, ಗೋಡೆಯ ಚೀಟಿಯೊಡನೆ ತಾಳೆ ನೋಡಿಕೊಳ್ಳಲಿ.