ಮೊದಲ ಗಿರಿಯಾತ್ರೆಗೆ ಉಡಿಗೆ ತೊಡಿಗೆ

ಕಳೆದ ತಿಂಗಳಲ್ಲಿ ಒಂದು ಭಾನುವಾರ ಸಂಜೆ, ಹೆಬ್ಬಾಳದಲ್ಲಿರುವ ನಮ್ಮ ತಂಗಿಯ ಮಗನು ಯಲಹಂಕದ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಕುಡಿದು ಮುಗಿಸುವುದಕ್ಕೆ ಮುಂಚೆಯೇ ಜೇಬಿನಿಂದ ಒಂದು ಉದ್ದನೆಯ ಪಟ್ಟಿಯನ್ನು ತೆಗೆದು ನಮ್ಮ ಮುಂದಿಟ್ಟನು.

"ಮಾವ, ನಾವು ನಾಲ್ಕು ಮಂದಿ ಗೆಳೆಯರು ಕುಮಾರಪರ್ವತಕ್ಕೆ ಹೊರಟಿದ್ದೇವೆ. ನಾನು ಬೆಟ್ಟ ಹತ್ತುವುದು ಇದೇ ಮೊದಲು. ಅಂಗಡಿಯವರು ಇಷ್ಟೂ ಬೇಕೆನ್ನುತ್ತಾರೆ. ಅಮ್ಮ ಮನೆಯಲ್ಲಿರುವುದೇ ಸಾಕು ಎನ್ನುತ್ತಾಳೆ. ನೀವು ಹೇಳಿದಂತೆ ಮಾಡುತ್ತೇನೆ" ಎಂದನು.

ಪಟ್ಟಿಯನ್ನು ಓದಿದೆವು. ಇಪ್ಪತ್ತಮೂರು ಪದಾರ್ಥಗಳು. ಬೆಲೆಯನ್ನು ಕೂಡಿಸಿದರೆ ನಮ್ಮ ತಂಗಿಯ ಒಂದು ತಿಂಗಳ ಮನೆಖರ್ಚಿಗೆ ಸಮನಾಗುವಂತಿತ್ತು. ಅಂಗಡಿಯವರ ಮಾತು ಅರ್ಧ ಸತ್ಯ. ತಾಯಿಯ ಮಾತೂ ಅರ್ಧ ಸತ್ಯ. ಮಿಕ್ಕ ಅರ್ಧವನ್ನು ನಾವು ಒಮ್ಮೆ ಬಹಳ ದುಬಾರಿಯಾಗಿ ಕಲಿತಿದ್ದೇವೆ. ಮನೆಯಲ್ಲಿ ಬೆಳೆದ ಮಕ್ಕಳುಳ್ಳ ವಾಚಕರಿಗೆ ಇದು ಉಪಯೋಗಕ್ಕೆ ಬಂದೀತೆಂದು ಈ ತಿಂಗಳು ಆ ವಿಷಯವನ್ನೇ ಬರೆಯುತ್ತೇವೆ.

ಹುಡುಗನಿಗೆ ಶಿಖರಕ್ಕಿಂತಲೂ ದೊಡ್ಡದೊಂದು ಆಸೆಯಿದೆ: ಕಡವೆಯನ್ನು ಅದರ ಕಾಡಿನಲ್ಲಿಯೇ ಕಣ್ಣಾರೆ ಕಾಣಬೇಕೆಂಬುದು. ಈ ಕಡವೆಯನ್ನೇ ಹತ್ತೊಂಬತ್ತನೆಯ ಶತಮಾನದಲ್ಲಿ ಸಿಂಹಳದ ಬೆಟ್ಟಗಳಲ್ಲಿ ಬೇಟೆಯಾಡಿದ ಸ್ಯಾಮ್ಯುಯೆಲ್ ಬೇಕರ್ ಮೊದಲಾದ ಆಂಗ್ಲರು ಶೀತದೇಶಗಳ ದೊಡ್ಡ ಜಿಂಕೆಯ ಹೆಸರಿನಿಂದ 'ಎಲ್ಕ್' ಎಂದು ಕರೆದರು. ನಿಜವಾದ ಎಲ್ಕ್ ನಮ್ಮ ದೇಶದ್ದಲ್ಲ. ಅಮೆರಿಕದ ಪರ್ವತಗಳಲ್ಲಿ ಇಂದಿಗೂ ಜನರು ಸರ್ಕಾರದ ಪರವಾನಗಿ ಪಡೆದು ಅದನ್ನು ಬೇಟೆಯಾಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದ ಮೇಲೆ ಬೇಟೆಯ ಕಾಲವು ಮುಗಿಯಿತು. ಮುಗಿದುದು ಒಳ್ಳೆಯದೇ ಆಯಿತು. ನಮ್ಮ ಹಿರಿಯರಿಗೂ ಈ ವಿಷಯದಲ್ಲಿ ಎರಡು ಮನಸ್ಸಿತ್ತು. ಮನುವು ಕಾಮದಿಂದ ಹುಟ್ಟುವ ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲು ಹೇಳುತ್ತಾನೆ; ಕೌಟಿಲ್ಯನಾದರೋ ಅದರಿಂದ ಮೈಗೆ ವ್ಯಾಯಾಮವೂ, ಪ್ರಾಣಿಗಳ ಮನೋಭಾವದ ಅರಿವೂ ಉಂಟಾಗುವುವೆಂದು ಒಪ್ಪುತ್ತಾನೆ. ಮೃಗ ಎಂಬ ಧಾತುವಿಗೆ ಅನ್ವೇಷಣೆಯೆಂದೇ ಅರ್ಥ. ಕೊಲ್ಲುವುದನ್ನು ಬಿಟ್ಟು ಹುಡುಕುವುದನ್ನು ಮಾತ್ರ ಉಳಿಸಿಕೊಂಡರೆ ಆ ಶಬ್ದಕ್ಕೆ ಅಪಚಾರವೇನೂ ಆಗುವುದಿಲ್ಲ. ಆದರೆ ಹುಡುಕಹೊರಟವನನ್ನೂ ಬೇಟೆಗಾರನನ್ನೂ ಮಳೆ, ಗಾಳಿ, ಚಳಿಗಳು ಒಂದೇ ರೀತಿಯಾಗಿ ಕಾಣುತ್ತವೆ. ಆದಕಾರಣ ಉಡಿಗೆಯ ವಿಚಾರದಲ್ಲಿ ಇಬ್ಬರಿಗೂ ಪಾಠವೊಂದೇ.

1996ನೆಯ ಇಸವಿಯ ದಸರೆಯ ರಜೆಯಲ್ಲಿ ನಾವು, ಆಗ ನಾವು ಕೆಲಸ ಮಾಡುತ್ತಿದ್ದ ಶಾಲೆಯ ಹನ್ನೆರಡು ಮಂದಿ ಹುಡುಗರನ್ನು ಇದೇ ಕುಮಾರಪರ್ವತಕ್ಕೆ ಕರೆದುಕೊಂಡು ಹೋಗಿದ್ದೆವು. ಜತೆಗೆ ಇನ್ನೊಬ್ಬ ಉಪಾಧ್ಯಾಯರಿದ್ದರು. "ಯಾವ ಬಟ್ಟೆ ತರಬೇಕು, ಸಾರ್?" ಎಂದು ಹುಡುಗರು ಕೇಳಿದ್ದಕ್ಕೆ, "ಗಟ್ಟಿಯಾದುದನ್ನು ತನ್ನಿರಿ" ಎಂದಷ್ಟೆ ನಾವು ಹೇಳಿದ್ದು. ನಮ್ಮ ಪಾಲಿಗೆ ಗಟ್ಟಿಯೆಂದರೆ ಹರಿಯದೆ ಇರುವುದು. ಒಬ್ಬ ಹುಡುಗನು ದಪ್ಪನಾದ ಜೀನ್ಸ್ ಷರಾಯಿಯನ್ನೂ, ಹತ್ತಿಯ ಬನಿಯನ್ನನ್ನೂ, ಅದರ ಮೇಲೆ ಹತ್ತಿಯ ಅಂಗಿಯನ್ನೂ ಹಾಕಿಕೊಂಡು ಬಂದನು. ನಾವು ನೋಡಿ ಮೆಚ್ಚಿಕೊಂಡೆವು.

ಮಧ್ಯಾಹ್ನ ಇಳಿಯುವಾಗ ಮರಗಳಿಲ್ಲದ ಹುಲ್ಲಿನ ಬೋರೆಯ ಮೇಲೆ ಗಾಳಿಯೊಡನೆ ಮಳೆ ಬಂದಿತು. ಒಂದು ಗಂಟೆಯ ಹೊತ್ತು ಎಲ್ಲರೂ ನೆನೆದೆವು. ಆ ಹುಡುಗನು ಮೊದಲು ನಡುಗಿದನು. ಆಮೇಲೆ ಹಿಂದೆ ಬಿದ್ದನು. ಕಡೆಗೆ ಒಂದು ಬಂಡೆಯ ಮೇಲೆ ಕುಳಿತು, "ನಿದ್ದೆ ಬರುತ್ತಿದೆ, ಸಾರ್" ಎಂದು ತೊದಲಿದನು. ಅವನ ಸೋಮಾರಿತನವೆಂದು ಬಗೆದು ನಾವು ಗದರಿಸಿದೆವು. ಈ ಮಾತನ್ನು ಬರೆಯುವಾಗಲೂ ನಮಗೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಕೆಳಗಿನ ಹಳ್ಳಿಯವರೊಬ್ಬರು ಕಂಬಳಿಯ ಕೊಪ್ಪೆಯನ್ನು ಹಾಕಿಕೊಂಡು ಆ ದಾರಿಯಲ್ಲಿ ಬಂದರು. ಹುಡುಗನ ಮುಖವನ್ನು ನೋಡಿದರು. ಅವನ ಅಂಗಿಯ ಗುಂಡಿಯನ್ನು ಬಿಚ್ಚಹೇಳಿದರು. ಅವನ ಬೆರಳುಗಳಿಂದ ಅದು ಆಗಲಿಲ್ಲ. "ಮಾಸ್ತರೇ, ಇದು ನಿದ್ದೆಯಲ್ಲ, ಚಳಿ ಒಳಗೆ ಹೋಗಿದೆ" ಎಂದು ಹೇಳಿ, ಒದ್ದೆಬಟ್ಟೆಯನ್ನು ತಾವೇ ಕಳಚಿ, ತಮ್ಮ ಕಂಬಳಿಯಲ್ಲಿ ಅವನನ್ನು ತಲೆಯಿಂದ ಕಾಲಿನವರೆಗೆ ಸುತ್ತಿದರು. ಇಬ್ಬರು ಹಿಡಿದುಕೊಂಡು ಕೆಳಗಣ ಮನೆಯೊಂದಕ್ಕೆ ಕರೆದೊಯ್ದೆವು. ಬಿಸಿ ಕಾಫಿಗೆ ಬೆಲ್ಲ ಹಾಕಿ ಗುಟುಕು ಗುಟುಕಾಗಿ ಕುಡಿಸಿದ ಮೇಲೆ, ಸುಮಾರು ಒಂದು ಗಂಟೆಗೆ ಅವನ ಮಾತು ನೆಟ್ಟಗಾಯಿತು. ಮರುದಿನ ಯಶವಂತಪುರದಲ್ಲಿ ಬಸ್ಸಿನಿಂದ ಇಳಿದಾಗ ಅವನ ತಾಯಿಯವರು ಕಾದು ನಿಂತಿದ್ದರು. "ತೊಂದರೆ ಏನೂ ಆಗಲಿಲ್ಲವಲ್ಲ, ಮೇಷ್ಟ್ರೇ?" ಎಂದರು. "ಸ್ವಲ್ಪ ನೆನೆದನು" ಎಂದೆವು. ಆ ಅರ್ಧ ಉತ್ತರವು ಇಂದಿಗೂ ನಮ್ಮ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಓದಿ ತಿಳಿದುಕೊಂಡೆವು. ಮನುಷ್ಯನ ಮೈಯ ಒಳಗಣ ಶಾಖವು 37 ಡಿಗ್ರಿಯ ಆಸುಪಾಸಿನಲ್ಲಿರಬೇಕು. 35ಕ್ಕಿಂತ ಕೆಳಗಿಳಿದರೆ ಅಪಾಯ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಾಲು ವೇಗವಾಗಿ ಶಾಖವನ್ನು ಒಯ್ಯುತ್ತದೆ. ಇದಲ್ಲದೆ ಪ್ರತಿ 1000 ಮೀಟರು ಮೇಲೇರಿದಂತೆ ಸರಾಸರಿ ಆರೂವರೆ ಡಿಗ್ರಿಯಷ್ಟು ತಂಪು ಹೆಚ್ಚುತ್ತದೆ. ಕುಕ್ಕೆ ಸುಬ್ರಹ್ಮಣ್ಯವು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರು. ಶಿಖರವು 1712 ಮೀಟರು. ಕೆಳಗೆ ಬೆವರುತ್ತಾ ಹೊರಟವನು ಮೇಲೆ ಹತ್ತು ಡಿಗ್ರಿ ಕಡಮೆಯ ಹವೆಯಲ್ಲಿ, ಅದೇ ಬೆವರಿನ ಬಟ್ಟೆಯಲ್ಲಿ ಗಾಳಿಗೆ ಒಡ್ಡಿಕೊಂಡು ನಿಲ್ಲುತ್ತಾನೆ. ಚಳಿಯಿಂದ ಕೆಡಲು ಹಿಮಾಲಯಕ್ಕೇ ಹೋಗಬೇಕಾಗಿಲ್ಲ.

ಈಗ ಬಟ್ಟೆಯ ಮಾತು. ಹತ್ತಿಯು ನಮ್ಮ ಬಯಲುಸೀಮೆಗೆ ದೇವರು ಕೊಟ್ಟ ವರ. ಬೆಟ್ಟದ ಮಳೆಯಲ್ಲಿ ಅದೇ ವೈರಿ. ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ, ಬೇಗ ಒಣಗದು, ಮೈಗೆ ಅಂಟಿಕೊಂಡು ಶಾಖವನ್ನು ಸೆಳೆಯುತ್ತದೆ. ಉಣ್ಣೆಯಾದರೋ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿದರೂ ಒದ್ದೆಯೆಂದು ತೋರದು. ನೆನೆದ ಮೇಲೂ ಕೊಂಚ ಬೆಚ್ಚಗಿರುತ್ತದೆ. ಕುರುಬರು ನೇಯುವ ಕಂಬಳಿಯನ್ನು ಮಲೆನಾಡಿನ ಒಕ್ಕಲಿಗನು ಮಳೆಗಾಲದಲ್ಲಿ ಕೊಪ್ಪೆ ಮಾಡಿ ಹೊದೆಯುತ್ತಿದ್ದುದು ಬಡತನದಿಂದ ಮಾತ್ರವಲ್ಲ, ಅನುಭವದಿಂದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಮೃಗಯೆಯ ವಿಚಾರವೂ ಇದೆ, ಋತುವಿಗೆ ತಕ್ಕ ವಸ್ತ್ರದ ವಿಚಾರವೂ ಇದೆ. ಅರಸನಿಗೇ ಈ ಎಚ್ಚರಿಕೆಯು ಬೇಕಾಗಿದ್ದರೆ ನಮ್ಮಂಥವರ ಪಾಡೇನು?

ಮೂರು ಪದರಗಳು ಸಾಕು. ಒಳಗಿನದು ಬೆವರನ್ನು ಹೊರಕ್ಕೆ ಸಾಗಿಸಿ ಬೇಗ ಒಣಗುವಂಥದು: ನಮ್ಮ ಹುಡುಗನ ಬಳಿ ಕಾಲೇಜಿನ ಕ್ರಿಕೆಟ್ಟಿನ ಪಾಲಿಯೆಸ್ಟರ್ ಜೆರ್ಸಿ ಇತ್ತು, ಅದೇ ಆಯಿತು. ನಡುವಿನದು ಶಾಖವನ್ನು ಹಿಡಿಯುವಂಥದು: ಅವನ ತಂದೆಯ ಹಳೆಯ ಉಣ್ಣೆಯ ಸ್ವೆಟರು. ಹೊರಗಿನದು ಗಾಳಿಯನ್ನೂ ಮಳೆಯನ್ನೂ ತಡೆಯುವ ಹಗುರವಾದ ಮಳೆಯಂಗಿ, ಇದನ್ನು ಕೊಳ್ಳಲೇಬೇಕು. ಬೋರೆಯ ಗಾಳಿಗೆ ಕೊಡೆ ನಿಲ್ಲದು. ಸ್ಕೂಟರಿನ ಮಳೆಯಂಗಿಯಲ್ಲಿ ನಡೆದರೆ ಒಳಗಿನ ಬೆವರಿನಲ್ಲಿಯೇ ನೆನೆಯುವುದುಂಟು. ಕಂಕುಳಲ್ಲಿ ಗಾಳಿಯಾಡುವ ಸೀಳುಳ್ಳದ್ದು ಉತ್ತಮ. ಹತ್ತುವಾಗ ಸ್ವೆಟರನ್ನು ತೆಗೆದು ಚೀಲದಲ್ಲಿಡಬೇಕು, ನಿಂತೊಡನೆ ಹಾಕಿಕೊಳ್ಳಬೇಕು; ಚಳಿಯಾಗುವವರೆಗೆ ಕಾಯಬಾರದು. ಜೀನ್ಸಿಗೆ ಬದಲಾಗಿ ಬೇಗ ಒಣಗುವ ತೆಳುವಾದ ಷರಾಯಿ. ತಲೆಗೆ, ಹುಡುಗರು ನೋಡಿ ನಗುವ ನಮ್ಮ ಬೆಂಗಳೂರಿನ ಮಂಕಿ ಕ್ಯಾಪು. ನಗುವವರು ನಗಲಿ.

ಎರಡನೆಯದು ಪಾದ. ಹಣವನ್ನು ವೆಚ್ಚ ಮಾಡಬೇಕಾದದ್ದು ಇಲ್ಲಿಯೇ. ಬೂಟ್ಸನ್ನು ಸಂಜೆಯ ಹೊತ್ತಿನಲ್ಲಿ, ಬೆಟ್ಟದಲ್ಲಿ ಹಾಕುವ ಕಾಲುಚೀಲವನ್ನೇ ತೊಟ್ಟು ಕೊಳ್ಳಬೇಕು. ದಿನವೆಲ್ಲ ಓಡಾಡಿದ ಕಾಲು ಸಂಜೆಗೆ ಕೊಂಚ ಊದಿರುತ್ತದೆ. ಬೆರಳಿನ ಮುಂದೆ ಹೆಬ್ಬೆರಳಿನಗಲದಷ್ಟು ಜಾಗವಿರಬೇಕು. ಇಲ್ಲವಾದರೆ ಇಳಿಯುವಾಗ ಉಗುರುಗಳು ಬೂಟ್ಸಿನ ತುದಿಗೆ ಬಡಿದು ಕಪ್ಪಾಗುತ್ತವೆ. ಅಟ್ಟೆಯಲ್ಲಿ ಆಳವಾದ ಗೆರೆಗಳಿರಬೇಕು. ಹೊಸ ಬೂಟ್ಸನ್ನು ಹಾಕಿಕೊಂಡು ಬೆಟ್ಟಕ್ಕೆ ಹೋಗುವುದು ಪಾಠ ಓದದೆ ಪರೀಕ್ಷೆಗೆ ಹೋದಂತೆ. ಎರಡು ವಾರ ಮೊದಲೇ ಕೊಂಡು ಹೆಬ್ಬಾಳದ ಕೆರೆಯ ಬಳಿ ದಿನವೂ ನಡೆದು, ಬಿಡುವಾದಾಗ ಒಮ್ಮೆ ನಂದಿಬೆಟ್ಟದ ಮೆಟ್ಟಿಲುಗಳನ್ನು ಹತ್ತಿ ಇಳಿದರೆ ಅದರ ಗುಣದೋಷಗಳು ಗೊತ್ತಾಗುತ್ತವೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಬೂಟ್ಸನ್ನು ನಂಬಬಾರದು. ನೋಟಕ್ಕೆ ಗಟ್ಟಿಯಾಗಿದ್ದರೂ ಅಟ್ಟೆಯು ಶಿಥಿಲವಾಗಿ ಕಳಚಿಬೀಳುವುದುಂಟು.

ಮಳೆಗಾಲ ಮುಗಿದ ಹೊಸತರಲ್ಲಿ ಇಂಬಳದ ಕಾಟವಿರುತ್ತದೆ. ಷರಾಯಿಯ ತುದಿಯನ್ನು ಕಾಲುಚೀಲದೊಳಕ್ಕೆ ಸೇರಿಸಿ, ಕಾಲುಚೀಲಕ್ಕೆ ಉಪ್ಪು ಬೆರೆಸಿದ ಎಣ್ಣೆ ಇಲ್ಲವೆ ಹೊಗೆಸೊಪ್ಪಿನ ನೀರನ್ನು ಸವರುವುದು ಮಲೆನಾಡಿನವರ ಪದ್ಧತಿ. ಹತ್ತಿಕೊಂಡದ್ದನ್ನು ಕಿತ್ತೆಳೆಯದೆ ಉಗುರಿನಿಂದ ಮೆಲ್ಲನೆ ಜಾರಿಸಬೇಕು. ರಕ್ತವು ಕೊಂಚ ಹೊತ್ತು ಸೋರುತ್ತದೆ; ಗಾಬರಿಪಡಬೇಕಾದುದಿಲ್ಲ.

ಮೂರನೆಯದು ಬಣ್ಣ. ಪಟ್ಟಿಯಲ್ಲಿ ಸೈನಿಕರ ಉಡುಪಿನಂಥ ಚುಕ್ಕೆಯ ಅಂಗಿಯೊಂದಿತ್ತು; ಅದನ್ನು ಹೊಡೆದು ಹಾಕಿದೆವು. ಜಿಂಕೆಯ ಜಾತಿಯ ಕಣ್ಣಿಗೆ ಕೆಂಪು, ಕಿತ್ತಳೆಗಳು ಎದ್ದು ಕಾಣುವುದಿಲ್ಲ. ನೀಲಿಯೂ, ನೇರಳೆಯ ಆಚೆಗೆ ನಮ್ಮ ಕಣ್ಣಿಗೆ ಬೀಳದ ಬೆಳಕೂ ಚೆನ್ನಾಗಿ ಕಾಣುತ್ತವೆ. ಅಮೆರಿಕದ ಬೇಟೆಗಾರರು ಒಬ್ಬರ ಗುಂಡು ಇನ್ನೊಬ್ಬರಿಗೆ ತಗಲದಿರಲೆಂದು ಉರಿಯುವ ಕಿತ್ತಳೆಬಣ್ಣವನ್ನು ತೊಟ್ಟರೂ ಮೃಗವು ಬೆದರದಿರುವುದು ಇದರಿಂದಲೇ. ಆದ್ದರಿಂದ ನಮ್ಮ ಹುಡುಗನಿಗೆ ಕಿತ್ತಳೆಯ ಮಳೆಯಂಗಿಯನ್ನೇ ಆರಿಸಿದೆವು: ಮಂಜಿನಲ್ಲಿ ಗೆಳೆಯರಿಗೆ ಅವನು ಕಾಣಬೇಕು, ಕಡವೆಗೆ ಕಾಣಬಾರದು. ಮಿಕ್ಕ ಬಟ್ಟೆಗಳು ಮಣ್ಣಿನ ಬಣ್ಣವಾಗಿರಲಿ. ಬಿಳುಪನ್ನು ಹೊಳೆಯಿಸುವ ಸೋಪಿನ ಪುಡಿಯಲ್ಲಿ ಒಗೆಯುವುದು ಬೇಡ. ಸುಗಂಧದ್ರವ್ಯವೂ ಬೇಡ. ಕಡವೆಯು ಕಣ್ಣಿಗಿಂತ ಮೊದಲು ಮೂಗಿನಿಂದಲೂ ಕಿವಿಯಿಂದಲೂ ನಮ್ಮನ್ನು ಕಂಡುಕೊಳ್ಳುತ್ತದೆ. ಮುಂಜಾನೆ, ಗಾಳಿಗೆ ಎದುರಾಗಿ, ಮೌನವಾಗಿ ನಡೆಯುವವನಿಗೆ ಭಾಗ್ಯವಿದ್ದರೆ ದರ್ಶನ.

ಚೀಲದ ಭಾರವು ಮೈತೂಕದ ಐದರಲ್ಲೊಂದು ಪಾಲನ್ನು ಮೀರಬಾರದು. ಸೊಂಟದ ಪಟ್ಟಿಯಿದ್ದರೆ ಹೆಗಲಿನ ಭಾರವು ಸೊಂಟಕ್ಕೆ ಇಳಿಯುತ್ತದೆ. ಒಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಹಾಸಿ, ಅದರಲ್ಲಿ ಒಂದು ಜತೆ ಒಣಬಟ್ಟೆಯನ್ನು ಕಟ್ಟಿಡಬೇಕು. ಈ ಒಣಬಟ್ಟೆಯು ಪ್ರಾಣಕ್ಕೆ ಇಟ್ಟ ಠೇವಣಿ. ಚಂದ ಕಾಣಲೆಂದು ಅದನ್ನು ಶಿಖರದಲ್ಲಿ ಹಾಕಿಕೊಳ್ಳತಕ್ಕದ್ದಲ್ಲ. ಹಣೆಗೆ ಕಟ್ಟುವ ದೀಪ, ಸೀಟಿ, ಬೆಂಕಿಪೊಟ್ಟಣ, ಎರಡು ಮೂರು ಲೀಟರು ನೀರು, ಬೆಲ್ಲ, ಕಡಲೆಕಾಯಿ, ಗಾಯದ ಪಟ್ಟಿ ಇಷ್ಟಿರಲಿ. ಮೊಬೈಲನ್ನು ದಾರಿ ತೋರುವ ದೇವರೆಂದು ನಂಬಬಾರದು. ಕಾಡಿನಲ್ಲಿ ಅದಕ್ಕೆ ಸಂಕೇತ ಸಿಕ್ಕುವುದು ದುರ್ಲಭ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದು, ಹೋಗುವ ದಾರಿಯನ್ನೂ ಹಿಂತಿರುಗುವ ಹೊತ್ತನ್ನೂ ಕಾಗದದಲ್ಲಿ ಬರೆದು ಮನೆಯಲ್ಲಿ ಇಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಗೆಳೆಯನ ಮುಖವನ್ನು ನೋಡುವ ಅಭ್ಯಾಸ. ನಡುಕ, ತೊದಲು, ಎಡವುವಿಕೆ, ಗುಂಡಿ ಹಾಕಲಾರದ ಬೆರಳು, ಅಕಾಲದ ನಿದ್ದೆ, ಇವು ಕಂಡರೆ ಗದರಿಸದೆ ಕೂಡಲೆ ನಿಲ್ಲಬೇಕು. ಗಾಳಿಯ ಮರೆಗೆ ಕರೆದೊಯ್ದು, ಒದ್ದೆಯನ್ನು ಕಳಚಿ, ಒಣದನ್ನು ಸುತ್ತಿ, ನುಂಗಬಲ್ಲನಾದರೆ ಸಿಹಿಯಾದ ಬಿಸಿ ಪಾನೀಯವನ್ನು ಕೊಡಬೇಕು. ಕೈಕಾಲುಗಳನ್ನು ತಿಕ್ಕಬಾರದು, ಮದ್ಯವಂತೂ ಕೂಡದು. ಮೈ ಬೆಚ್ಚಗಾಗದೆಯೇ ನಡುಕವು ನಿಂತರೆ ಅದು ಗುಣದ ಲಕ್ಷಣವಲ್ಲ, ಕೇಡಿನ ಲಕ್ಷಣ.

ಹೀಗೆ ಇಪ್ಪತ್ತಮೂರರಲ್ಲಿ ಕೊಳ್ಳಬೇಕಾದವು ನಾಲ್ಕೇ ಉಳಿದವು: ಬೂಟ್ಸು, ಎರಡು ಜತೆ ಕಾಲುಚೀಲ, ಮಳೆಯಂಗಿ, ಹಣೆಯ ದೀಪ. ಬೇಟೆಯ ಚಾಕು ಹೋಯಿತು. ಜೋಡಿ ಊರುಗೋಲಿಗೆ ಬದಲು ಒಂದು ಬಿದಿರಿನ ಕೋಲು ಬಂದಿತು. ತಾಯಿಗೂ ಸಮಾಧಾನವಾಯಿತು. ಹೊರಡುವ ಹಿಂದಿನ ದಿನ ಹುಡುಗನು ಚೀಲವನ್ನು ಹೊತ್ತು ತಂದು ನಮಗೆ ತೋರಿಸಿದನು. ನಾವು ಒಳಗಿನಿಂದ ಒಂದು ಹಳೆಯ ಕಂಬಳಿಯನ್ನು ತಂದು ಮೇಲಿಟ್ಟೆವು.

"ಮಾವ, ಇದು ಭಾರವಲ್ಲವೆ? ಪಟ್ಟಿಯಲ್ಲೂ ಇಲ್ಲ" ಎಂದನು.

1996ರ ಕಥೆಯನ್ನು ಆಗ ಅವನಿಗೆ ಹೇಳಿದೆವು; ಗದರಿಸಿದ ಮಾತನ್ನೂ, ಆ ತಾಯಿಗೆ ಕೊಟ್ಟ ಅರ್ಧ ಉತ್ತರವನ್ನೂ ಬಿಡದೆ ಹೇಳಿದೆವು. ಅವನು ಮಾತನಾಡದೆ ಕಂಬಳಿಯನ್ನು ಮಡಿಸಿ ಚೀಲಕ್ಕೆ ಕಟ್ಟಿಕೊಂಡನು.

ಮೊನ್ನೆ ಹಿಂತಿರುಗಿ ಬಂದಿದ್ದಾನೆ. ಕಡವೆಯು ಕಾಣಲಿಲ್ಲವಂತೆ, ಬೆಳಗಿನ ಹೊತ್ತು ಅದರ ಕೂಗು ಮಾತ್ರ ಕೇಳಿಸಿತಂತೆ. ಮಧ್ಯಾಹ್ನ ಮಳೆ ಬಂದಿತಂತೆ. ಕಂಬಳಿಯನ್ನು ತಾನು ಹೊದೆಯಲಿಲ್ಲವೆಂದೂ, ಜತೆಯವನೊಬ್ಬನು ನಡುಗುತ್ತಿದ್ದುದರಿಂದ ಅವನಿಗೆ ಹೊದಿಸಿದೆನೆಂದೂ ಹೇಳಿದನು. ಕಂಬಳಿಯಿನ್ನೂ ನಮ್ಮ ಹಿತ್ತಿಲ ಹಗ್ಗದ ಮೇಲೆ ಒಣಗುತ್ತಿದೆ.